ಒಂದೇ ಹೆಸರಿನ ಎರಡು ಹೊಟ್ಟೆ

ಅಮ್ಮಾನ್ ಹತ್ತಿರದ ಮಾದಬಾ ಊರಿನ ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ದೈಫಲ್ಲಾ ಎಂಬ ನಿವೃತ್ತ ಸೈನಿಕ ಬಲು ವಿಚಿತ್ರ ಮನುಷ್ಯನಾಗಿದ್ದ. ಒಂದು ವರ್ಷ ಅವನ ರಕ್ತದೊತ್ತಡ ನೆತ್ತಿಗೇರಿ ಕೂತಿದ್ದರೆ ಮರುವರ್ಷ ಮದುಮಗನ ಹಾಗೆ ನೆಟ್ಟಗಿರುತ್ತಿತ್ತು. ಸಿಗರೇಟು ಮುಟ್ಟಿದವನೇ ಅಲ್ಲ ಎಂದು ಒಬ್ಬ ಡಾಕ್ಟರು ಬರೆದಿದ್ದರೆ, ದಿನಕ್ಕೆರಡು ಪ್ಯಾಕು ಎಂದು ಇನ್ನೊಬ್ಬರು ಬರೆದಿದ್ದರು. ಬರೆದವರು ಬಹಳ ಮಂದಿ, ಓದಿದವರು ಯಾರೂ ಇಲ್ಲ. ಓದಿದ್ದರೆ ಅದು ಒಬ್ಬ ಮನುಷ್ಯನಲ್ಲ, ಇಬ್ಬರು ಎಂಬುದು ಯಾರಿಗಾದರೂ ಹೊಳೆಯುತ್ತಿತ್ತು.

ದೈಫಲ್ಲಾನ ಅಣ್ಣ ಹಾಯಿಲ್. ಒಂದೇ ಕಟ್ಟಡದಲ್ಲಿ ಅಣ್ಣ ಕೆಳಗೆ, ತಮ್ಮ ಮೇಲೆ. ಎರಡು ವರ್ಷದ ಅಂತರ, ಒಂದೇ ಮೂಗು, ಒಂದೇ ಮೀಸೆ. ತಮ್ಮ ಇಪ್ಪತ್ತು ವರ್ಷ ಸೈನ್ಯದಲ್ಲಿ ದುಡಿದು ಬಂದಿದ್ದರಿಂದ ಅವನಿಗೂ ಅವನ ಮನೆಯವರಿಗೂ ವಿಮೆಯ ಕಾರ್ಡು ಇತ್ತು. ಅಣ್ಣನದು ಟಯರ್ ರಿಪೇರಿ ಅಂಗಡಿ, ಅಂಥವರಿಗೆ ಯಾವ ಕಾರ್ಡೂ ಇಲ್ಲ. ಹಾಗಾಗಿ ಆ ಮನೆಯಲ್ಲಿ ಕಾರ್ಡು ಏಣಿಯ ಹಾಗೆ, ಯಾರಿಗೆ ಬೇಕೋ ಅವರು ಒಯ್ಯುತ್ತಿದ್ದರು. ಇದು ಕಳ್ಳತನ ಎಂದು ಯಾರಿಗೂ ಅನ್ನಿಸಿರಲಿಲ್ಲ. ತಮ್ಮನ ಪಿಕಪ್ಪಿನ ಚಕ್ರ ಪಂಚರಾದಾಗ ಅಣ್ಣ ಯಾವತ್ತಾದರೂ ಬಿಲ್ಲು ಬರೆದದ್ದುಂಟೇ?

ಆಗಸ್ಟಿನ ಒಂದು ಮಂಗಳವಾರ, ಮಧ್ಯಾಹ್ನದ ನಮಾಜು ಮುಗಿದ ಹೊತ್ತಿನಲ್ಲಿ, ಲಾರಿಯ ಚಕ್ರ ಬಿಚ್ಚಲು ಬಗ್ಗಿದ ಹಾಯಿಲ್ ಮೇಲೇಳಲಿಲ್ಲ. ನೋವು ಎಡಪಕ್ಕೆಯಿಂದ ಬೆನ್ನಿಗೆ ಹೊಡೆದು ತೊಡೆಸಂದಿಗೆ ಇಳಿಯಿತು. ತಿಂದಿದ್ದ ಕಲ್ಲಂಗಡಿ, ಚೀಸು ಎಲ್ಲವೂ ವಾಂತಿಯಾಗಿ ಹೊರಗೆ ಬಂತು. ಅಕ್ಕಪಕ್ಕದ ಅಂಗಡಿಯವರು ಓಡಿ ಬಂದರು, ಬಂದವರೆಲ್ಲ ಡಾಕ್ಟರಾದರು.

"ಕಲ್ಲು ಕಣಯ್ಯಾ, ಕಿಡ್ನಿ ಕಲ್ಲು! ನನಗೂ ಹಿಂಗೇ ಆಗಿತ್ತು."

"ಬಾರ್ಲಿ ನೀರು ಕುಡಿಸ್ರೋ."

"ಮೆಟ್ಲು ಹತ್ತಿಸಿ ಇಳಿಸ್ರಪ್ಪ, ತಾನಾಗೇ ಉದುರತ್ತೆ."

ಹಾಯಿಲ್‌ನ ಹೆಂಡತಿ ನೌಫಾಳಿಗೂ ಅದೇ ಅನ್ನಿಸಿತು. ಮೈದುನ ದೈಫಲ್ಲಾನಿಗೆ ಮಾರ್ಚಿನಲ್ಲಿ ಇದೇ ಪಕ್ಕೆಯಲ್ಲಿ ಕಲ್ಲು ಸಿಕ್ಕಿತ್ತು. ಅಣ್ಣತಮ್ಮಂದಿರಿಗೆ ಮೂಗಿನ ಜೊತೆ ಕಲ್ಲನ್ನೂ ಅಪ್ಪನೇ ಕೊಟ್ಟಿರಬೇಕು ಎಂದುಕೊಂಡು ಅವಳು ಕಾರ್ಡು ಕೈಗೆತ್ತಿಕೊಂಡಳು. ದೈಫಲ್ಲಾ ಪಿಕಪ್ಪು ಹೊರಡಿಸಿದ.

ಆಸ್ಪತ್ರೆಯ ಅಂಗಳದ ತುದಿಯಲ್ಲಿ ಗಾಡಿ ನಿಲ್ಲಿಸಿ ಅವನು ಇಳಿಯಲಿಲ್ಲ. "ನಾನು ಒಳಗೆ ಬರೋ ಹಾಗಿಲ್ಲ ಅತ್ತಿಗೆ. ಒಂದೇ ಥರದ ಎರಡು ಮುಖ ನೋಡಿದ್ರೆ ಆ ಕೌಂಟರಿನ ರಾತಿಬ್ ಮೂಗು ತೂರಿಸ್ತಾನೆ. ಬಾಗಿಲು ದಾಟಿದ ಮೇಲೆ ಇವನೇ ದೈಫಲ್ಲಾ. ನನ್ನ ಮಗ ಮಾಜಿದ್‌ಗೆ ಇವನು ಅಪ್ಪ, ಅಬು ಮಾಜಿದ್; ನೀವು ತಾಯಿ. ಉಮ್ಮ್ ಮಾಜಿದ್ ಅಂತ ಕರೆದ್ರೆ ಹೂಂ ಅನ್ನಿ."

"ಈ ವಯಸ್ಸಲ್ಲಿ ಗಂಡ, ಮಕ್ಕಳು ಎಲ್ಲಾ ಬದಲಾಯಿಸೋ ಯೋಗ ಬಂತಲ್ಲಪ್ಪ ನನಗೆ," ಎಂದಳು ನೌಫಾ.

"ನಗಿಸ್ಬೇಡ ಕಣೇ," ಎಂದು ಹಾಯಿಲ್ ಹಲ್ಲು ಕಚ್ಚಿಕೊಂಡೇ ನರಳಿದ. "ಸಾಯ್ತಿದ್ದೀನಿ."

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಹಿಂದಿನ ಬೀದಿಯ ಒಬ್ಬ ತನ್ನ ಕಾರ್ಡನ್ನು ಭಾವನಿಗೆ ಕೊಟ್ಟು ಸಿಕ್ಕಿಬಿದ್ದಿದ್ದ. ಇಡೀ ಮನೆಯ ಕಾರ್ಡು ರದ್ದಾಯಿತು. ದೈಫಲ್ಲಾನ ಮನೆಯಲ್ಲಿ ಅದು ರದ್ದಾದರೆ ಹೊಡೆತ ಬೀಳುವುದು ಶಹದ್‌ಗೆ. ಶಹದ್ ಅವನ ಮಗಳು, ಹದಿನಾರು ವರ್ಷ, ಎರಡು ಮನೆಗೂ ಸೇರಿ ಒಬ್ಬಳೇ ಹೆಣ್ಣುಮಗು. ಎಂಟನೆಯ ವಯಸ್ಸಿಗೇ ಕೀಲುಗಳು ಊದಿ ಬಾಗಿಹೋಗಿದ್ದವು. ಎರಡು ವಾರಕ್ಕೊಮ್ಮೆ ಗುರುವಾರ, ಮಂಜುಗಡ್ಡೆಯ ಡಬ್ಬಿಯಲ್ಲಿ ಬರುವ ಒಂದು ಸೂಜಿಮದ್ದಿನಿಂದ ಈಗ ಎದ್ದು ಓಡಾಡುತ್ತಿದ್ದಳು, ಪೆನ್ನು ಹಿಡಿದು ಪರೀಕ್ಷೆ ಬರೆದಿದ್ದಳು. ಆ ಸೂಜಿ ಕಾರ್ಡಿನ ಮೇಲೆ ಬರುತ್ತಿತ್ತು. ಅಂಗಡಿಯಲ್ಲಿ ಕೊಳ್ಳುವ ಮಾತು ಎರಡು ಮನೆ ಮಾರಿದರೂ ಸಾಗದು.

ಕೌಂಟರಿನ ರಾತಿಬ್ ಕಾರ್ಡು ನೋಡಿದ, ಹಾಯಿಲ್‌ನ ಬೆವೆತ ಮುಖ ನೋಡಿದ, ಮೀಸೆ ಸರಿಹೊಂದಿತು. "ಬೇಗ ಗುಣ ಆಗ್ಲಿ ಅಬು ಮಾಜಿದ್. ಮತ್ತೆ ಕಲ್ಲಾ? ನೀರು ಕುಡಿ ಅಂದ್ರೆ ನೀವು ಟೀ ಕುಡೀತೀರಿ," ಎಂದು ಒಳಗೆ ಕಳಿಸಿದ.

ತುರ್ತು ವಾರ್ಡಿನಲ್ಲಿ ಪರದೆ ಎಳೆದ ಮಂಚಗಳು ತುಂಬಿದ್ದವು. ಮರುಭೂಮಿ ಹೆದ್ದಾರಿಯಲ್ಲಿ ಮಿನಿಬಸ್ಸೊಂದು ಮಗುಚಿ, ಪೆಟ್ಟು ತಿಂದವರನ್ನು ಒಬ್ಬೊಬ್ಬರಾಗಿ ಸಿ.ಟಿ. ಕೋಣೆಗೆ ತಳ್ಳಿಕೊಂಡು ಹೋಗುತ್ತಿದ್ದರು. ನರ್ಸು ಹಾಯಿಲ್‌ನ ಕೈಗೆ ಸೂಜಿ ಚುಚ್ಚಿ ನೋವಿನ ಮದ್ದು ಹಾಕಿದಳು. ಹತ್ತು ನಿಮಿಷದಲ್ಲಿ ಅವನ ಹಣೆಯ ಗಂಟು ಸಡಿಲವಾಯಿತು. ಆಗ ಬಂದ ಡಾಕ್ಟರ್ ಕುತೈಬಾ ಮೂವತ್ತು ದಾಟಿರದ ಹುಡುಗ. ಮುಖದಲ್ಲಿ ನಗು, ಕಣ್ಣಲ್ಲಿ ನಿದ್ದೆಗೇಡು. ಒಳ್ಳೆಯ ಮನುಷ್ಯ ಎಂದು ನೌಫಾ ನೋಡಿದ ತಕ್ಷಣ ತೀರ್ಮಾನಿಸಿದಳು. ಅವಳ ತೀರ್ಮಾನ ತಪ್ಪೂ ಆಗಿರಲಿಲ್ಲ, ಕಷ್ಟವಾದದ್ದೇ ಅದರಿಂದ.

ಅವನು ಮಂಚದ ಪಕ್ಕಕ್ಕೆ ಅಲ್ಟ್ರಾಸೌಂಡ್ ಯಂತ್ರ ಎಳೆದುಕೊಂಡು, ತಣ್ಣನೆಯ ಜೆಲ್ ಹಚ್ಚಿ, ಹಾಯಿಲ್‌ನ ಎಡಪಕ್ಕೆಯ ಮೇಲೆ ಅದರ ಹಿಡಿ ಓಡಿಸಿದ.

"ಎಡಗಡೆ ಕಿಡ್ನಿ ಸ್ವಲ್ಪ ಊದಿದ ಹಾಗಿದೆ. ನಡುಹೊಟ್ಟೇಲಿ ಬರೀ ಗ್ಯಾಸು, ಏನೂ ಕಾಣ್ತಿಲ್ಲ. ಪರವಾಗಿಲ್ಲ." ಹಿಡಿಯನ್ನು ಒರೆಸಿಟ್ಟು ಕಂಪ್ಯೂಟರಿನ ಕಡೆ ತಿರುಗಿ, ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದು ಹೇಳಿದ. "ನೋಡಿ ಖಾಲಾ, ನಿಮ್ಮೋರ ವಯಸ್ಸಿನೋರು ಮೊದಲನೇ ಸಲ ಹಿಂಗೆ ನೋವು ಅಂತ ಬಂದಿದ್ರೆ ನಾನು ಎರಡನೇ ಮಾತಿಲ್ಲದೆ ಸಿ.ಟಿ.ಗೆ ಕಳಿಸ್ತಿದ್ದೆ. ಕಲ್ಲಿನ ವೇಷ ಹಾಕ್ಕೊಂಡು ಬೇರೆ ಕಾಯಿಲೆ ಬರೋದುಂಟು. ಬೆನ್ನುಮೂಳೆ ಮುಂದೆ ದೊಡ್ಡ ರಕ್ತನಾಳ ಇದೆ. ಅದು ಊದಿ ಸೋರೋಕೆ ಶುರುವಾದ್ರೂ ಇದೇ ನೋವು, ಇದೇ ಜಾಗ."

"ಅಯ್ಯೋ ದೇವರೇ."

"ಹೆದರ್ಬೇಡಿ, ಇವರಿಗೆ ಅದಿಲ್ಲ. ಮಾರ್ಚಲ್ಲೇ ಸಿ.ಟಿ. ಆಗಿದೆ ಇಲ್ಲಿ. ನಾನೇ ಈಗ ಆ ಚಿತ್ರ ತೆರೆದು ನೋಡಿದೆ. ಎಡ ಕಿಡ್ನೀಲಿ ಕಲ್ಲು ಇದೆ, ನಾಳ ಕನ್ನಡಿ ಹಂಗಿದೆ. ಆ ಕಲ್ಲೇ ಈಗ ಕೆಳಗೆ ಇಳೀತಿರೋದು. ಗೊತ್ತಿರೋ ಕಲ್ಲಿಗೆ ಮತ್ತೆ ಮತ್ತೆ ಕಿರಣ ಹಾಯಿಸೋದು ಒಳ್ಳೇದಲ್ಲ. ಎರಡು ವರ್ಷದ ಹಿಂದೆ ಬಿದ್ದಾಗ ಬೇರೆ ಒಂದ್ಸಲ ಸಿ.ಟಿ. ಆಗಿದೆ." ಅವನು ಕಂಪ್ಯೂಟರಿನ ಪರದೆಯನ್ನು ಕೆಳಕ್ಕೆ ಓಡಿಸಿ ನಕ್ಕ. "ಅದರಲ್ಲಿ ನಮ್ಮೋರೊಬ್ರು, ನಾಳ ಊದಿದೆ, ವರ್ಷದೊಳಗೆ ಮತ್ತೆ ನೋಡಿ ಅಂತ ಬರೆದಿದ್ದಾರೆ. ಊದಿದ ನಾಳ ತಾನಾಗೇ ಇಳಿಯಲ್ಲ ಖಾಲಾ. ಮಾರ್ಚಲ್ಲಿ ಸರಿಯಾಗಿದೆ ಅಂದ್ರೆ ಮೊದಲು ಬರೆದೋರದ್ದು ಕಣ್ತಪ್ಪು. ಡಾಕ್ಟ್ರುಗಳೂ ಮನುಷ್ಯರೇ."

ನೌಫಾ ಕಂಪ್ಯೂಟರಿನ ಕಡೆಗೆ ಒಂದು ಹೆಜ್ಜೆ ಇಟ್ಟಳು.

ಎರಡು ವರ್ಷದ ಹಿಂದೆ ಬಿದ್ದದ್ದು ದೈಫಲ್ಲಾ ಅಲ್ಲ. ಟಯರ್ ಅಂಗಡಿಯ ತಗಡಿನ ಮಾಡು ಸರಿಮಾಡಲು ಹತ್ತಿದ ಹಾಯಿಲ್, ಬೆನ್ನು ಕೆಳಗಾಗಿ ಬಿದ್ದಿದ್ದ. ಅವತ್ತೂ ಇದೇ ಕಾರ್ಡು, ಇದೇ ಹೆಸರು, ಇದೇ ದೊಡ್ಡ ಯಂತ್ರ. ಮೂಳೆ ಮುರಿದಿಲ್ಲ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ಎಲ್ಲರೂ ಮನೆಗೆ ಓಡಿದ್ದರು. ಉಳಿದದ್ದನ್ನು ಕಾದು ಕೇಳಲಿಲ್ಲ. ಬೇರೆಯವರ ಹೆಸರಿನಲ್ಲಿ ಮಲಗಿದವರು ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾರ್ಚಿನ ಚಿತ್ರ ದೈಫಲ್ಲಾನದು. ಊದಿದ ನಾಳ ಅಣ್ಣನದು, ಕನ್ನಡಿಯ ಹಾಗಿರುವ ನಾಳ ತಮ್ಮನದು. ಈ ಹುಡುಗ ಎರಡನ್ನೂ ಕೂಡಿಸಿ ಒಬ್ಬ ಆರೋಗ್ಯವಂತನನ್ನು ಮಾಡಿಬಿಟ್ಟಿದ್ದ. ಇಡೀ ಆಸ್ಪತ್ರೆಯಲ್ಲಿ ಈ ಲೆಕ್ಕ ತಪ್ಪೆಂದು ತಿಳಿದವಳು ಅವಳೊಬ್ಬಳೇ.

ಅವಳ ಮಣಿಕಟ್ಟನ್ನು ಯಾರೋ ಹಿಡಿದರು. ಹಾಯಿಲ್. ಅವನೂ ಕೇಳಿಸಿಕೊಂಡಿದ್ದ, ಅವನಿಗೂ ಅರ್ಥವಾಗಿತ್ತು. ಡಾಕ್ಟರು ಪಕ್ಕದ ಮಂಚಕ್ಕೆ ಹೋದೊಡನೆ ಅವನು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ.

"ಬಾಯಿ ಬಿಟ್ಟೀಯ, ಜೋಕೆ."

"ಕೇಳಿಸ್ತಲ್ಲ ನಿಂಗೆ? ಅದು ನಿಂದು ಕಣೋ. ಊದಿರೋದು ನಿಂದು."

"ಎರಡು ವರ್ಷ ಊದ್ಕೊಂಡೇ ಟಯರ್ ಎತ್ತಿದ್ದೀನಿ. ಏನಾಯ್ತು? ಇವತ್ತಿಂದು ಕಲ್ಲು. ನೋವೂ ಕಮ್ಮಿ ಆಗಿದೆ. ಮನೆಗೆ ನಡಿ."

"ಮದ್ದು ಹಾಕಿದ್ದಾರೆ, ಅದಕ್ಕೆ ಕಮ್ಮಿ ಆಗಿದೆ."

"ನಾಡಿದ್ದು ಗುರುವಾರ," ಎಂದ ಹಾಯಿಲ್. ಅಷ್ಟೇ ಹೇಳಿ ಕಣ್ಣು ಮುಚ್ಚಿದ. ಗುರುವಾರ ಅಂದರೆ ಶಹದ್‌ನ ಸೂಜಿ. ಬೇರೆ ಏನೂ ಹೇಳಬೇಕಾಗಿರಲಿಲ್ಲ.

ನೌಫಾ ಎದ್ದಳು. ನಿಜ ಹೇಳದೆಯೇ ಸಿ.ಟಿ. ಮಾಡಿಸಿಕೊಂಡರೆ ಗಂಡನ ಜೀವ, ಶಹದ್‌ನ ಸೂಜಿ ಎರಡೂ ಉಳಿಯುತ್ತವೆ. ಹಟಮಾರಿ ಮುದುಕಿಯ ವೇಷ ಹಾಕುವುದು ಅವಳಿಗೇನೂ ಕಷ್ಟವಲ್ಲ, ಮೂರು ಗಂಡುಮಕ್ಕಳನ್ನು ಸಾಕಿದವಳು. ನಡುವಾರ್ಡಿನಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟಳು.

"ನೋಡಪ್ಪ ಮಗನೇ! ಆ ದೊಡ್ಡ ಯಂತ್ರದೊಳಗೆ ಹಾಕದೆ ನಾನು ಇಲ್ಲಿಂದ ಕದಲಲ್ಲ. ಈ ಕೈಯಂತ್ರ ನನಗೆ ನಂಬಿಕೆ ಇಲ್ಲ."

ಕುತೈಬಾ ತಾಳ್ಮೆಯಿಂದಲೇ ತಿರುಗಿದ. "ಖಾಲಾ, ಯಂತ್ರ ದೊಡ್ಡದಾದಷ್ಟೂ ಪರೀಕ್ಷೆ ದೊಡ್ಡದು ಅಂತ ಅಲ್ಲ. ಬಸ್ಸಿನ ಏಳು ಜನ ಸಾಲಲ್ಲಿ ಇದ್ದಾರೆ, ಒಬ್ಬರಿಗೆ ತಲೆ ಒಡೆದಿದೆ. ನಿಮ್ಮೋರ ಚಿತ್ರ ನನ್ ಹತ್ರ ಇದೆ."

"ಅದು ಹಳೇದು!"

"ಐದು ತಿಂಗಳು. ನಾಳ ಅಷ್ಟು ಬೇಗ ಹಾಳಾಗಲ್ಲ."

"ಚಿತ್ರ ಅದಲುಬದಲು ಆಗಿದ್ರೆ?"

"ಹೆಸರು, ನಂಬರು, ಎಲ್ಲಾ ಇದೆ ಖಾಲಾ. ಅದಲುಬದಲು ಹೇಗಾಗತ್ತೆ?" ಅವನು ಅವಳ ಭುಜ ಮುಟ್ಟುವವನಂತೆ ಕೈ ಎತ್ತಿ, ಗೌರವಕ್ಕೆ ಕೆಳಗಿಳಿಸಿದ. "ನನ್ನ ತಾಯಿ ಆಗಿದ್ರೂ ಇದೇ ಹೇಳ್ತಿದ್ದೆ. ಕಾಗದ ಬರೀತೀನಿ, ಮಾತ್ರೆ ತಗೊಂಡು ಮನೆಗೆ ಹೋಗಿ. ಜ್ವರ ಬಂದ್ರೆ, ನೋವು ನಿಲ್ದೇ ಇದ್ರೆ ವಾಪಸ್ ಬನ್ನಿ."

ಅವನ ಒಂದೊಂದು ಮಾತೂ ಸರಿಯಾಗಿತ್ತು. ಬೇರೆ ಯಾರ ವಿಷಯದಲ್ಲಾದರೂ ಸರಿಯಾಗಿತ್ತು. ನೌಫಾ ಪರದೆ ಸರಿಸಿ ಹೊರಗೆ ಓಡಿದಳು.

ಅಂಗಳದ ತುದಿಯಲ್ಲಿ ದೈಫಲ್ಲಾ ಪಿಕಪ್ಪಿನ ಬಾಗಿಲು ತೆರೆದಿಟ್ಟು ಬೆವರೊರೆಸಿಕೊಳ್ಳುತ್ತ ಕೂತಿದ್ದ. ಅವಳು ಉಸಿರು ಕಟ್ಟಿಕೊಂಡು ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಅವನ ಮುಖದಲ್ಲಿ ಅಣ್ಣ ಒಂದು ಕಡೆ, ಮಗಳು ಒಂದು ಕಡೆ ಎಳೆಯುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಅವನ ಮೇಲೆ ಸಿಟ್ಟು ಬರಲಿ ಎಂದು ಅವಳು ಕಾದಳು. ಬರಲಿಲ್ಲ.

"ಒಂದು ದಾರಿ ಇದೆ ಅತ್ತಿಗೆ," ಎಂದ ಕೊನೆಗೆ. "ಇಲ್ಲಿ ಏನೂ ಹೇಳ್ಬೇಡಿ. ಹೊರಗೆ ಕರ್ಕೊಂಡು ಬನ್ನಿ. ಚರ್ಚ್ ರಸ್ತೇಲಿ ಖಾಸಗಿ ಸ್ಕ್ಯಾನ್ ಸೆಂಟರ್ ಇದೆಯಲ್ಲ, ಅಲ್ಲಿ ಅವನ ಸ್ವಂತ ಹೆಸರಲ್ಲೇ ಮಾಡಿಸೋಣ. ಅರ್ಧ ಗಂಟೆ ಕೆಲಸ. ಏನಾದ್ರೂ ಇದ್ರೆ ಅಲ್ಲಿಂದ ಸೀದಾ ದೊಡ್ಡಾಸ್ಪತ್ರೆಗೆ, ಅಮ್ಮಾನ್‌ಗೆ. ಏನೂ ಇಲ್ದಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ."

ನೌಫಾಳ ಜೀವ ಮರಳಿ ಬಂದಂತಾಯಿತು. ಇಷ್ಟು ಸುಲಭದ ಉಪಾಯ ತನಗೇಕೆ ಹೊಳೆಯಲಿಲ್ಲ! "ಗಾಡಿ ಬಾಗಿಲ ಹತ್ರ ತಗೊಂಡು ಬಾ," ಎಂದು ಹೇಳಿ ಮತ್ತೆ ಒಳಗೆ ಓಡಿದಳು. ದಾರಿಯಲ್ಲಿ ಅವಳು ದೇವರಿಗೆ ಕೃತಜ್ಞತೆ ಹೇಳಿದಳು, ಹರಕೆಯನ್ನೂ ಹೊತ್ತಳು. ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಏನಾದೀತು.

ಹಾಯಿಲ್ ಆಗಲೇ ಮಂಚದಿಂದ ಕಾಲು ಕೆಳಗಿಟ್ಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವಳನ್ನು ನೋಡಿ ಗೆದ್ದವನ ಹಾಗೆ ನಕ್ಕ. "ನೋಡು, ಹೇಗಿದ್ದೀನಿ," ಎಂದು ಎದ್ದು ನಿಂತ.

ನಿಂತವನ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ತುಟಿ ಬೂದಿಬಣ್ಣಕ್ಕೆ ತಿರುಗಿತು. ಅವಳ ಭುಜ ಹಿಡಿಯಲು ಬಂದ ಕೈ ಗುರಿ ತಪ್ಪಿ ಪರದೆಯನ್ನು ಹಿಡಿಯಿತು, ಪರದೆ ಕೊಂಡಿಯಿಂದ ಕಿತ್ತು ಬಂತು. ನೌಫಾ ಅವನನ್ನು ಸೊಂಟದಿಂದ ಅಪ್ಪಿ ಮಂಚಕ್ಕೆ ಕೆಡವಿದಳು. ಅವನ ಬೆವರು ಐಸಿನಷ್ಟು ತಣ್ಣಗಿತ್ತು.

ಓಡಿ ಬಂದ ನರ್ಸು, "ನೋವಿನ ಮದ್ದಿಗೆ ಹೀಗಾಗತ್ತೆ, ಬೇಗ ಎದ್ಬಿಟ್ರು," ಎಂದಳು. ಕುತೈಬಾನೂ ಬಂದು ನಾಡಿ ಹಿಡಿದು, "ಸ್ವಲ್ಪ ಮಲಗ್ಲಿ, ಸಲೈನ್ ಹಾಕಿ," ಎಂದ. ಅವರಿಬ್ಬರಿಗೂ ಇದು ಕಲ್ಲಿನವನ ತಲೆಸುತ್ತು. ಕಂಪ್ಯೂಟರು ಹಾಗೆ ಹೇಳಿತ್ತು.

ಹಾಯಿಲ್‌ನ ಅರೆಗಣ್ಣು ಅವಳನ್ನೇ ನೋಡುತ್ತಿತ್ತು. ಬೇಡ, ಎಂದು ತಲೆ ಅಲ್ಲಾಡಿಸಿದ.

ನೌಫಾಳಿಗೆ ಆ ಗಳಿಗೆಯಲ್ಲಿ ಶಹದ್ ಕಾಣಿಸಿದಳು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುವ ಶಹದ್. ಮನಸ್ಸಿನಲ್ಲೇ ಅವಳ ಕಾಲು ಹಿಡಿದುಕೊಂಡಳು. ಆಮೇಲೆ ಬಾಯಿ ತೆರೆದಳು.

"ಇವನು ದೈಫಲ್ಲಾ ಅಲ್ಲ."

"ಏನಂದ್ರಿ?"

"ಇವನು ದೈಫಲ್ಲಾ ಅಲ್ಲ ಮಗನೇ. ಅವನಣ್ಣ ಹಾಯಿಲ್. ಕಾರ್ಡು ತಮ್ಮಂದು. ಎರಡು ವರ್ಷದ ಹಿಂದೆ ಬಿದ್ದಾಗ ತೆಗೆದ ಚಿತ್ರ ಇವನದು. ಮಾರ್ಚಿಂದು ತಮ್ಮಂದು. ಆ ಊದಿರೋ ನಾಳ ಈ ಹೊಟ್ಟೇಲಿ ಇದೆ."

ಕುತೈಬಾ ಅವಳನ್ನೇ ನೋಡಿದ. ಸ್ವಲ್ಪ ಹೊತ್ತಿಗೆ ಮೊದಲು ನಡುವಾರ್ಡಿನಲ್ಲಿ ಕೂಗಾಡಿದ ಹೆಂಗಸು ಇದು. ಯಂತ್ರದೊಳಗೆ ಹಾಕಿಸಲು ಏನು ಬೇಕಾದರೂ ಹೇಳಬಲ್ಲಳು ಎಂಬ ಅನುಮಾನ ಅವನ ಕಣ್ಣಲ್ಲಿ ಸ್ಪಷ್ಟವಾಗಿತ್ತು.

"ನಂಬಲ್ವಾ?" ನೌಫಾ ಗಂಡನ ಅಂಗಿಯನ್ನು ಎರಡೂ ಕೈಯಿಂದ ಎಳೆದು ತೆರೆದಳು, ಗುಂಡಿಗಳು ಹಾರಿದವು. "ಆ ನಿನ್ನ ಚಿತ್ರದಲ್ಲಿ ನೋಡು. ದೈಫಲ್ಲಾನಿಗೆ ಸೈನ್ಯದಲ್ಲಿದ್ದಾಗಲೇ ಪಿತ್ತಕೋಶ ತೆಗೆದಿದ್ದಾರೆ, ಇಷ್ಟುದ್ದ ಕೊಯ್ದಿದ್ದಾರೆ. ಇಲ್ಲಿ ಎಲ್ಲಿದೆ ಗಾಯದ ಗುರುತು? ತೋರ್ಸು!"

ಬಲಪಕ್ಕೆಯ ಕೆಳಗೆ ನರೆತ ಕೂದಲಿನ ಹೊರತು ಏನೂ ಇರಲಿಲ್ಲ. ಕುತೈಬಾ ಅಲ್ಟ್ರಾಸೌಂಡಿನ ಹಿಡಿಯನ್ನು ಅಲ್ಲಿಗೆ ಒತ್ತಿದ. ಪರದೆಯ ಮೇಲೆ ಪುಟ್ಟ ಬದನೆಕಾಯಿಯಷ್ಟು ಕಪ್ಪು ಚೀಲವೊಂದು ಕಾಣಿಸಿತು. ತೆಗೆದುಹಾಕಿದ ಪಿತ್ತಕೋಶ ಯಾರ ಹೊಟ್ಟೆಯಲ್ಲೂ ಮತ್ತೆ ಬೆಳೆಯುವುದಿಲ್ಲ. ಹುಡುಗನ ಮುಖ ಹಾಯಿಲ್‌ನ ಮುಖಕ್ಕಿಂತ ಬಿಳಿಯಾಯಿತು. ಹಿಡಿಯನ್ನು ನಡುಹೊಟ್ಟೆಗೆ ತಂದು, ಈ ಸಲ ಗ್ಯಾಸು ಸರಿಯುವವರೆಗೂ ಒತ್ತಿ, ಪಕ್ಕಕ್ಕೆ ಹೊರಳಿಸಿ, ಮತ್ತೆ ಒತ್ತಿ ನೋಡಿದ. ಏನು ಕಂಡನೋ, ಹಿಡಿಯನ್ನು ಮಂಚದ ಮೇಲೇ ಬಿಟ್ಟು ಕೂಗಿದ.

"ಸಿ.ಟಿ. ಖಾಲಿ ಮಾಡ್ಸಿ! ಈಗಲೇ! ರಕ್ತನಾಳಕ್ಕೆ ಬಣ್ಣದ ಮದ್ದು ಹಾಕಿ ಮಾಡೋದು, ಕಲ್ಲಿಗೆ ಮಾಡೋ ಥರ ಅಲ್ಲ. ರಕ್ತ ತರ್ಸಿ. ಕಾರ್ಡಲ್ಲಿರೋ ಗುಂಪು ನೋಡ್ಬೇಡಿ, ಅದು ಇವರದ್ದಲ್ಲ! ಹೊಸದಾಗಿ ಪರೀಕ್ಷೆ ಮಾಡಿ!"

ರಕ್ತದ ಗುಂಪಿನ ವಿಷಯ ಅಲ್ಲಿಯವರೆಗೆ ನೌಫಾಳ ತಲೆಗೇ ಬಂದಿರಲಿಲ್ಲ.

ಮಂಚದ ಚಕ್ರಗಳು ಸದ್ದು ಮಾಡುತ್ತ ಓಡಿದವು. ಹತ್ತು ನಿಮಿಷವೋ ಒಂದು ಯುಗವೋ, ಕುತೈಬಾ ಹೊರಗೆ ಬಂದ. ನಾಳ ದೊಡ್ಡ ನಿಂಬೆಯಷ್ಟು ಊದಿದೆ, ಹಿಂಭಾಗದಲ್ಲಿ ಬಿರುಕು ಬಿಟ್ಟು ಸೋರುತ್ತಿದೆ, ಸುತ್ತಲಿನ ಮಾಂಸವೇ ಸದ್ಯಕ್ಕೆ ಅದನ್ನು ಒತ್ತಿ ಹಿಡಿದಿದೆ ಎಂದ. ಇಲ್ಲಿ ಆ ಶಸ್ತ್ರಚಿಕಿತ್ಸೆ ಆಗುವುದಿಲ್ಲ, ಅಮ್ಮಾನ್‌ಗೆ ಹೇಳಿಯಾಗಿದೆ, ಆಂಬುಲೆನ್ಸು ಹೊರಡುತ್ತದೆ. ಹೇಳಿ ಮುಗಿಸಿ ಅವನು ಹೋಗಲಿಲ್ಲ.

"ನಾನು ಮನೆಗೆ ಕಳಿಸ್ತಿದ್ದೆ ಖಾಲಾ."

"ನೀನಲ್ಲ ಮಗನೇ," ಎಂದಳು ನೌಫಾ. "ನಾವು ಕಳ್ಸಿಸ್ಕೊಳ್ತಿದ್ವಿ."

ಕೌಂಟರಿನಲ್ಲಿ ರಾತಿಬ್ ನಗುತ್ತಿರಲಿಲ್ಲ. ಅಮ್ಮಾನ್‌ಗೆ ಹೋಗುವ ಕಾಗದಕ್ಕೆ ಹೆಸರು ಬೇಕಿತ್ತು. "ಹಾಯಿಲ್ ಅಂತ ಬರೆದ್ರೆ, ಈ ಕಾರ್ಡು ಯಾಕೆ ಬಂತು ಅಂತ ನಾನು ವರದಿ ಮಾಡ್ಲೇಬೇಕು ಖಾಲಾ. ನನ್ನ ಕೆಲ್ಸ ಹೋಗತ್ತೆ ಇಲ್ದಿದ್ರೆ." ಅವನು ಬೇಕೆಂದೇ ಮೆಲ್ಲಗೆ ಮಾತಾಡುತ್ತಿದ್ದ. ಅವನಿಗೂ ಹೆಣ್ಣುಮಕ್ಕಳಿದ್ದರು, ಶಹದ್‌ನ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆಸಿಕೊಡುತ್ತಿದ್ದವನೇ ಅವನು.

"ಬರಿ," ಎಂದಿತು ಅವಳ ಹಿಂದಿನಿಂದ ಒಂದು ಗಂಡುದನಿ.

ದೈಫಲ್ಲಾ ಒಳಗೆ ಬಂದು ನಿಂತಿದ್ದ. ಗಾಡಿಯನ್ನು ಬಾಗಿಲಿಗೆ ತಂದು ಕಾದು ಕಾದು, ಮಂಚ ಓಡಿಸಿದ್ದನ್ನು ಗಾಜಿನಾಚೆಯಿಂದ ನೋಡಿದ್ದ. "ಕಾರ್ಡು ನಂದು. ನಾನೇ ಕೊಟ್ಟೆ. ಎಲ್ಲಿ ರುಜು ಹಾಕ್ಲಿ?" ಎಂದು ಕೇಳಿ, ತೋರಿಸಿದ ಮೂರು ಜಾಗದಲ್ಲೂ ಹಾಕಿದ. ಆಮೇಲೆ ನೌಫಾಳ ಕಡೆ ತಿರುಗಿದ. ಬೈಯುತ್ತಾನೆಂದು ಅವಳು ತಲೆ ಬಗ್ಗಿಸಿದಳು. "ಆಂಬುಲೆನ್ಸಲ್ಲಿ ಒಬ್ಬರಿಗೇ ಜಾಗ. ನೀವು ಹೋಗಿ," ಎಂದಷ್ಟೇ ಹೇಳಿದ. ಅವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಾಗ ಅವನು ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಆಂಬುಲೆನ್ಸು ಮಾದಬಾ ದಾಟುವ ಮೊದಲೇ ಹಾಯಿಲ್‌ನ ಕಣ್ಣಿಗೆ ಜೋಂಪು ಹತ್ತತೊಡಗಿತು. ಜೊತೆಗಿದ್ದ ನರ್ಸು ಗಡಸು ಗಂಡಸು. "ನಿದ್ದೆ ಹೋಗಕ್ಕೆ ಬಿಡ್ಬೇಡಿ ಅಮ್ಮ. ಉತ್ತರ ಕೊಡ್ತಿರೋವರೆಗೂ ತಲೆಗೆ ರಕ್ತ ಹೋಗ್ತಿದೆ ಅಂತ ನನಗೆ ಗೊತ್ತಾಗತ್ತೆ. ಯಜಮಾನ್ರೇ! ಹೆಸರೇನು?"

"ದೈಫಲ್ಲಾ," ಎಂದ ಹಾಯಿಲ್, ಕಣ್ಣು ತೆರೆಯದೆ. ಸಾಯುವಾಗಲೂ ಸುಳ್ಳು ಬಿಡದಷ್ಟು ನಿಯತ್ತಿನ ಮನುಷ್ಯ.

ನೌಫಾ ಅವನ ಕಿವಿಗೆ ಬಗ್ಗಿದಳು. "ಅದು ಮುಗೀತು. ನಿನ್ನ ಹೆಸರು ಹೇಳು."

ಅವನ ಕಣ್ಣು ತೆರೆಯಿತು. "ಏನ್ ಮಾಡ್ದೆ?"

"ಹೇಳ್ಬಿಟ್ಟೆ."

"ಶಹದ್?"

ಅವನು ಅವಳ ಕೈಯೊಳಗಿದ್ದ ತನ್ನ ಕೈಯನ್ನು ಎಳೆದುಕೊಂಡ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು. ಮುಖವನ್ನು ಆ ಕಡೆ ತಿರುಗಿಸಿದ, ಕಣ್ಣು ಮತ್ತೆ ಮುಚ್ಚಿಕೊಂಡಿತು.

"ಮಾತಾಡ್ಸಿ ಅಮ್ಮ!" ನರ್ಸು ಚೀಲದ ರಕ್ತವನ್ನು ಹಿಂಡುತ್ತ ಗದರಿದ.

ನೌಫಾ ಮಕ್ಕಳ ಹೆಸರು ಹೇಳಿ ಕರೆದಳು. ಅಲ್ಲಾನ ಹೆಸರು ಹೇಳಿ ಕರೆದಳು. ಒಂದಕ್ಕೂ ಅವನು ಮಿಸುಕಲಿಲ್ಲ. ಆಗ ಅವಳಿಗೆ ಹೊಳೆಯಿತು. ಅವನ ಸಿಟ್ಟೊಂದೇ ಇನ್ನೂ ಎಚ್ಚರವಾಗಿದೆ.

"ಹೌದು ಕಣೋ, ಹೇಳ್ದೆ!" ಎಂದು ಅವನ ಮುಖಕ್ಕೆ ಮುಖ ತಂದಳು. "ರಾತಿಬ್ ಎದುರಿಗೇ ಹೇಳ್ದೆ. ವಾರ್ಡೆಲ್ಲಾ ಕೇಳೋ ಹಂಗೆ ಹೇಳ್ದೆ. ನಿನ್ನ ಅಂಗೀನೂ ಹರಿದೆ. ಏನ್ ಮಾಡ್ತೀಯ?"

ತುಟಿ ಅಲುಗಿತು. "ಹಾಳಾದೋಳೇ."

"ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ."

"ಹಾಳಾದೋಳೇ... ಆ ಕೂಸಿನ ಕಾಲು ಮುರಿದ್ಯಲ್ಲೇ."

ಆ ಮಾತು ನೆಟ್ಟಗೆ ಬಂದು ನಾಟಿತು, ಏಕೆಂದರೆ ಅದು ನಿಜ. ಆದರೂ ಅವಳು ಬಿಡಲಿಲ್ಲ. "ಮುರಿದೆ. ನಿನ್ನ ಟಯರ್ ಅಂಗಡೀನೂ ಮಾರ್ತೀನಿ. ಮೊದಲು ನಿನ್ನ ಆ ಹಳೇ ಜ್ಯಾಕ್ ಮಾರ್ತೀನಿ."

"ಮುಟ್ಟಿ ನೋಡು," ಎಂದ ಹಾಯಿಲ್.

ಅಮ್ಮಾನ್‌ನ ದಾರಿಯುದ್ದಕ್ಕೂ ಅವಳು ಅವನನ್ನು ಕೆಣಕಿದಳು, ಅವನು ಉಸಿರಿದ್ದಷ್ಟು ಬೈದ. ಒಂದು ಬೈಗುಳಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತು ಉದ್ದವಾಗುತ್ತಿತ್ತು. ಪ್ರತಿಸಲವೂ ಅವಳ ಜೀವ ಬಾಯಿಗೆ ಬರುತ್ತಿತ್ತು, ಪ್ರತಿ ಬೈಗುಳಕ್ಕೂ ಒಳಗಿಳಿಯುತ್ತಿತ್ತು. ಶಸ್ತ್ರಚಿಕಿತ್ಸೆಯ ಬಾಗಿಲಲ್ಲಿ ಹಸಿರು ಟೊಪ್ಪಿಯ ಸರ್ಜನ್ ಕಾಗದ ಹಿಡಿದು ಹೆಸರು ಕೇಳಿದರು.

"ಹಾಯಿಲ್," ಎಂದ ಅವನು, ಬಲು ಕಷ್ಟಪಟ್ಟು. "ಇವಳು... ನನ್ನ ಹೆಂಡ್ತಿ ಅಲ್ಲ. ಬರ್ಕೊಳಿ."

"ಬರ್ಕೊಳಿ ಸಾಹೇಬ್ರೇ," ಎಂದಳು ನೌಫಾ. "ಆಮೇಲೆ ಅವನೇ ಬಂದು ಅದನ್ನ ಹೊಡೆದುಹಾಕಿಸ್ಲಿ." ಬಾಗಿಲು ಮುಚ್ಚಿತು.

ಸಂಜೆಯ ಬಾಂಗು ಮುಗಿದು ಸ್ವಲ್ಪ ಹೊತ್ತಿಗೆ ಅದೇ ಸರ್ಜನ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದರು. ಬದುಕಿದ್ದಾರೆ, ಎಂದರು. ಮೂರು ದಿನ ಕಳೆಯಲಿ, ಆದರೆ ಬದುಕಿದ್ದಾರೆ, ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಲ್ಲಿಗೆ ತರುವ ಅಗತ್ಯವೇ ಇರುತ್ತಿರಲಿಲ್ಲ. ನೌಫಾ ಅವರ ಕೈಯನ್ನು ಕಣ್ಣಿಗೊತ್ತಿಕೊಂಡಳು. ಬೆಂಚಿನ ಮೇಲೆ ಕೂತು ಮನೆಗೆ ಫೋನು ಮಾಡಿದಳು.

ಎತ್ತಿದ್ದು ಶಹದ್. "ದೊಡ್ಡಮ್ಮಾ! ದೊಡ್ಡಪ್ಪ ಹೇಗಿದ್ದಾರೆ?"

"ಬದುಕಿದ್ದಾರೆ ಕಂದಾ."

ಆ ಕಡೆ ಹುಡುಗಿ ಕಿರುಚಿದಳು, ನಕ್ಕಳು, ಅತ್ತಳು, ಅಮ್ಮನನ್ನು ಕೂಗಿದಳು. ನೌಫಾ ಕಾದಳು. ಅವಳ ಸಂತೋಷ ಮುಗಿಯಲಿ ಎಂದೇ ಕಾದಳು.

"ಅಪ್ಪ ಏನಾದ್ರೂ ಹೇಳಿದ್ರಾ ನಿಂಗೆ?"

"ಇಲ್ಲ. ಬಂದೋರು ಮಾಳಿಗೆ ಮೇಲೆ ಕೂತಿದ್ದಾರೆ, ಊಟಾನೂ ಬೇಡ ಅಂದ್ರು. ಯಾಕೆ?"

ಇದನ್ನು ಬೇರೆ ಯಾರ ಬಾಯಿಂದಲೂ ಅವಳು ಕೇಳಬಾರದು. ನೌಫಾ ಫೋನನ್ನು ಎರಡೂ ಕೈಯಿಂದ ಹಿಡಿದಳು. "ಶಹದ್, ಕಾರ್ಡು ಹೋಯ್ತು. ಈ ಗುರುವಾರ ಸೂಜಿ ಇಲ್ಲ. ಅಪ್ಪನ ತಪ್ಪಲ್ಲ, ದೊಡ್ಡಪ್ಪನ ತಪ್ಪೂ ಅಲ್ಲ. ನಾನೇ ಆಸ್ಪತ್ರೇಲಿ ನಿಜ ಹೇಳಿ ನಿಲ್ಲಿಸ್ದೆ."

ಶಹದ್ ಸಣ್ಣ ದನಿಯಲ್ಲಿ ಕೇಳಿದಳು, "ಎಷ್ಟು ದಿನ ದೊಡ್ಡಮ್ಮ?"

"ಗೊತ್ತಿಲ್ಲ ಕಂದಾ," ಎಂದಳು ನೌಫಾ. ಅವತ್ತು ಅವಳು ಹೇಳಿದ ನಿಜಗಳಲ್ಲಿ ಅವಳಿಗೆ ಅಳು ತರಿಸಿದ್ದು ಅದೊಂದೇ.